ಬಂದರಿನಲ್ಲಿ ಇಳಿದದ್ದು ಕುದುರೆ, ಬಯಲಿನಲ್ಲಿ ಬೆಳೆದದ್ದು ನಾಯಿ

ಮುಧೋಳ ನಾಯಿಯ ವಿಷಯ ಬರೆಯುವವರು ಮೊದಲ ಪ್ಯಾರಾ ಮುಗಿಯುವುದರೊಳಗೆ ಅರಬಸ್ತಾನ ತಲುಪಿರುತ್ತಾರೆ. ಸಲೂಕಿ, ತಾಜಿ, ಅಫ್ಘಾನ್ ಹೌಂಡ್ ಎಂಬ ಹೆಸರುಗಳು ಬರುತ್ತವೆ. ವ್ಯಾಪಾರಿಗಳು, ದಂಡಿನವರು, ಬಹಮನಿ ಸುಲ್ತಾನರು ಬರುತ್ತಾರೆ. ಮರುಸಾಲಿಗೆ ನಾಯಿ ಮುಧೋಳದ ಹೊಲದಲ್ಲಿ ಮೊಲ ಅಟ್ಟುತ್ತಿರುತ್ತದೆ. ನಡುವಿನ ದಾರಿಯ ಲೆಕ್ಕ ಕೊಡುವವರು ಕಡಿಮೆ. ಆ ನಾಯಿ ಬಂದದ್ದು ಭೂಮಾರ್ಗದಲ್ಲಾದರೆ ಅಫ್ಘಾನಿಸ್ತಾನ, ದಿಲ್ಲಿ, ದೌಲತಾಬಾದ್ ಎಂದು ಹೇಳಬಹುದು. ಸಮುದ್ರದ ಮೇಲಾದರೆ ಮಾತ್ರ ನಮ್ಮ ಕರಾವಳಿಯನ್ನು ಬಿಟ್ಟು ಕಥೆ ಮುಂದೆ ಹೋಗುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ – ಈ ಮೂರು ತಾಲ್ಲೂಕುಗಳಿಗೆ ತಮ್ಮದೆಂದು ಹೇಳಿಕೊಳ್ಳುವ ನಾಯಿ ತಳಿ ಯಾವುದೂ ಇಲ್ಲ. ಆದರೆ ಒಂದು ತಳಿ ಹೇಗೆ ಹುಟ್ಟುತ್ತದೆ, ಎಲ್ಲಿ ಹುಟ್ಟುವುದಿಲ್ಲ ಎಂಬ ಪ್ರಶ್ನೆಯನ್ನು ಇಲ್ಲಿ ನಿಂತು ಕೇಳಿದಷ್ಟು ಚೆನ್ನಾಗಿ ಮುಧೋಳದಲ್ಲಿ ನಿಂತು ಕೇಳಲಾಗದು ಎನ್ನುವುದು ನನ್ನ ಅನಿಸಿಕೆ.

ಮೊದಲು ಬಂದರಿನ ವಿಷಯ. ವಿಜಯನಗರದ ಸೈನ್ಯ ನಿಂತಿದ್ದೇ ಕುದುರೆಯ ಮೇಲೆ. ದಖ್ಖನಿನ ಹವೆಗೆ, ಮೇವಿಗೆ ಒಳ್ಳೆಯ ಕುದುರೆ ಹುಟ್ಟಿ ಬೆಳೆಯುತ್ತಿರಲಿಲ್ಲ. ಹಾಗಾಗಿ ಹಾರ್ಮುಜ್‌ನಿಂದ, ಏಡನ್‌ನಿಂದ ಹಡಗಿನಲ್ಲಿ ತರಿಸಬೇಕಿತ್ತು. ಆ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳಕ್ಕೆ ದೊಡ್ಡ ಹೆಸರು. ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ ಬರೆದಿಟ್ಟ ವಿವರದಲ್ಲಿ ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತವೆ, ಕುದುರೆ ಮತ್ತು ಮುತ್ತು ಒಳಗೆ ಬರುತ್ತವೆ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನುನಿಜ್ 1535ರ ಸುಮಾರಿಗೆ ವಿಜಯನಗರದಲ್ಲಿದ್ದ. ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಾನೆ ಎಂದು ಬರೆದ. ಅವನು ಹೇಳುವ ಇನ್ನೊಂದು ಸಂಗತಿ ಸಾಳುವ ನರಸಿಂಹನ ಕಾಲದ್ದು. ದಾರಿಯಲ್ಲಿ ಕುದುರೆ ಸತ್ತರೂ ವ್ಯಾಪಾರಿಗೆ ನಷ್ಟವಿಲ್ಲ. ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಗೆ ಕೊಡುವಷ್ಟೇ ಹಣ ಸಿಗುತ್ತಿತ್ತು. ಕಡಲಲ್ಲಿ ಎಷ್ಟು ಕುದುರೆ ಸಾಯುತ್ತಿದ್ದವು, ಅರಸನಿಗೆ ಅವು ಎಷ್ಟು ಬೇಕಿದ್ದವು ಎಂಬ ಎರಡೂ ಲೆಕ್ಕ ಆ ಒಂದು ಬಾಲದಲ್ಲಿದೆ.

ಭಟ್ಕಳದಲ್ಲಿ ಇಳಿದ ಕುದುರೆ ಹಾಡುವಳ್ಳಿ, ಗೇರುಸೊಪ್ಪೆಗಳ ಅರಸರ ಸೀಮೆ ದಾಟಿ ಘಟ್ಟ ಹತ್ತಬೇಕು. ಹೊನ್ನಾವರದ ಬಂದರು ಇನ್ನೂ ಹಳೆಯದು. 14ನೇ ಶತಮಾನದಲ್ಲಿ ಇಬ್ನ್ ಬತೂತ ಅಲ್ಲಿ ಉಳಿದು, ಅಲ್ಲಿನ ಸುಲ್ತಾನ ಜಮಾಲುದ್ದೀನನ ಆತಿಥ್ಯ ಪಡೆದು, ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿವೆ ಎಂದು ಬರೆದು ಹೋದ. ಅರಬ್ ಮೂಲದ ವ್ಯಾಪಾರಿಗಳ ವಂಶದವರೆಂದು ಹೇಳಿಕೊಳ್ಳುವ ನವಾಯತರು ಇವತ್ತಿಗೂ ಭಟ್ಕಳದ ಬದುಕಿನ ನಡುವೆಯೇ ಇದ್ದಾರೆ. ಅಂದಮೇಲೆ ಕೊಲ್ಲಿಯ ಕಡೆಯಿಂದ ಪ್ರಾಣಿ ತರುವ ದಾರಿ, ತರುವ ಜನ, ಕೊಳ್ಳುವ ದೊರೆ ಮೂರೂ ಇಲ್ಲಿ ಇದ್ದವು. ಅರಬರಿಗೆ ಬೇಟೆನಾಯಿಯ ಬಗ್ಗೆ ಇದ್ದ ಗೌರವವೂ ಸಣ್ಣದಲ್ಲ. ನಾಯಿಯ ಮಟ್ಟಿಗೆ ಮಡಿ ಕಟ್ಟುನಿಟ್ಟಾಗಿದ್ದ ಸಮಾಜದಲ್ಲೂ ಬೇಟೆಗೆ ಪಳಗಿಸಿದ ಪ್ರಾಣಿ ಹಿಡಿದು ತಂದದ್ದನ್ನು ತಿನ್ನಲು ಕುರಾನ್ ಅನುಮತಿ ಕೊಟ್ಟಿದೆ. ಮರುಭೂಮಿಯ ಬೆದೂಯಿನರು ಸಲೂಕಿಯನ್ನು ತಮ್ಮ ಗುಡಾರದ ಒಳಗೇ ಇಟ್ಟುಕೊಳ್ಳುತ್ತಿದ್ದರು.

ಹಾಗಾದರೆ ಕುದುರೆಯ ಜೊತೆ ನಾಯಿಯೂ ಇಳಿದಿರಬೇಕಲ್ಲ? ಇಳಿದಿರಬಹುದು. ಅರಸರಿಗೆ ಕಾಣಿಕೆಯಾಗಿ ಒಂದು ಜೋಡಿ, ಹಡಗಿನ ಯಜಮಾನನ ಖಯಾಲಿಗೆ ಇನ್ನೊಂದು ಜೋಡಿ. ಆದರೆ ವ್ಯಾಪಾರದ ಸರಕಾಗಿ ನಾಯಿ ಬಂದಂತೆ ಕಾಣುವುದಿಲ್ಲ. ಬಾರ್ಬೋಸಾ ಕೊಟ್ಟ ಭಟ್ಕಳದ ಸರಕಿನ ಪಟ್ಟಿಯಲ್ಲಿ ಅದಿಲ್ಲ. ಹಡಗಿನಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಕುಡಿಯುವ ನೀರು. ಸತ್ತರೂ ದುಡ್ಡು ಬರುವ ಕುದುರೆಗೆ ನೀರು ಕೊಡುತ್ತಾರೆಯೇ ಹೊರತು, ಬದುಕಿದರೂ ಬೆಲೆ ಗೊತ್ತಿಲ್ಲದ ನಾಯಿಗಲ್ಲ. ಇನ್ನು, ಕಾಣಿಕೆಯ ನಾಲ್ಕು ನಾಯಿ ಇಳಿದರೆ ತಳಿಯಾಗುವುದಿಲ್ಲ. ಸುತ್ತಲಿನ ಊರುನಾಯಿಗಳ ಸಮುದ್ರದಲ್ಲಿ ಅವುಗಳ ರಕ್ತ ಕೆಲವೇ ತಲೆಮಾರಿಗೆ ಕರಗಿ ಹೋಗುತ್ತದೆ. ಅದು ಕರಗದಂತೆ ತಡೆಯುವ ಏನೋ ಒಂದು ಬೇಕು. ಅದೇನು ಎನ್ನುವುದೇ ಪ್ರಶ್ನೆ.

ಅರಬ್ ಮೂಲದ ವಾದಕ್ಕೆ ಇನ್ನೊಂದು ತೊಡಕಿದೆ, ಅದು ಕಲ್ಲಿನಲ್ಲಿ ಕೊರೆದದ್ದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲದ್ದು. ಗೆಲುವಿಗೆ ಕಾರಣನಾದ ಗಂಗ ಬೂತುಗನಿಗೆ ಕೃಷ್ಣ ನಾಡುಗಳನ್ನೇ ಕೊಟ್ಟ. ಬೂತುಗನ ಕಡೆ ಹೋರಾಡಿದ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಭೂಮಿ ಕೇಳಲಿಲ್ಲ, ಬೂತುಗನ ಬಳಿ ಇದ್ದ ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿ, ನಾಯಿ ಎರಡೂ ಒಟ್ಟಿಗೆ ಸತ್ತವು. ಕಾಳಿಗೆ ಕಲ್ಲು ನೆಟ್ಟರು, ಅದರ ಪೂಜೆಗೆ ಭೂಮಿ ಬಿಟ್ಟರು, ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ಎಂದೂ ಬರೆಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ–ಹಂದಿಯ ಕಾಳಗ ಕೆತ್ತಿದೆ.

ಭಟ್ಕಳದ ಕುದುರೆ ವ್ಯಾಪಾರ ಉತ್ತುಂಗಕ್ಕೆ ಬರುವುದಕ್ಕೆ ಐದು ನೂರು ವರ್ಷ ಮೊದಲಿನ ಮಾತಿದು. ಒಬ್ಬ ದಂಡನಾಯಕ ಊರಿಗಿಂತ ಹೆಚ್ಚು ಎಂದು ಬಗೆಯುವಷ್ಟು ಒಳ್ಳೆಯ ಬೇಟೆನಾಯಿ ಕನ್ನಡ ನಾಡಿನಲ್ಲಿ ಆಗಲೇ ಇತ್ತು. ಅದಕ್ಕೆ ಹೆಸರಿತ್ತು, ಖ್ಯಾತಿಯಿತ್ತು. ಬೂತುಗನಿಗೆ ಆಗ ಸಿಕ್ಕ ನಾಡುಗಳ ಹೆಸರೂ ಗಮನಿಸುವಂಥದ್ದೇ: ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡು. ಬನವಾಸಿ ನಮ್ಮ ಘಟ್ಟದ ಮೇಲಿನದು. ಕೊನೆಯ ಎರಡು ಮುಧೋಳದ ನೆರೆಯ ಬಾಗಲಕೋಟೆ ಸೀಮೆ. ಕಾಳಿ ಮುಧೋಳ ನಾಯಿಯ ಅಜ್ಜಿ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಹಾಗೆ ಹೇಳುವ ಉತ್ಸಾಹಿಗಳಿದ್ದರೆ ಅವರಿಂದ ಸ್ವಲ್ಪ ದೂರ ನಿಲ್ಲುವುದು ಒಳ್ಳೆಯದು. ಹಂದಿಯನ್ನು ಎದುರಿಸಿ ಹಿಡಿಯುವ ನಾಯಿಗೆ ಬೇಕಾದ ಮೈ ಬೇರೆ, ಮೊಲದ ಬೆನ್ನು ಹತ್ತುವ ನಾಯಿಯ ಮೈ ಬೇರೆ. ಆದರೆ ಬೇಟೆನಾಯಿಯನ್ನು ಆರಿಸಿ, ಸಾಕಿ, ಕೈಬದಲಿಸುವ ಪದ್ಧತಿ ಹಡಗಿನಲ್ಲಿ ಬಂದದ್ದಲ್ಲ ಎಂಬಷ್ಟಕ್ಕೆ ಆ ಕಲ್ಲು ಸಾಕ್ಷಿ.

ಈ ವಿಷಯದಲ್ಲಿ ಜೀನೋಮ್ ಅಧ್ಯಯನಗಳೂ ಒಂದು ಮಾತು ಹೇಳುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 161 ತಳಿಗಳನ್ನು ಹೋಲಿಸಿ ನೋಡಿತು. ಕಣ್ಣಿನಿಂದ ಬೇಟೆ ಗುರುತಿಸಿ ಓಡುವ, ಉದ್ದ ಕಾಲಿನ ತೆಳು ಮೈಯ ನಾಯಿಗಳೆಲ್ಲ ಒಂದೇ ಕುಟುಂಬವಿರಬೇಕು ಎಂದು ನಾವು ಎಣಿಸುತ್ತೇವೆ. ಅಲ್ಲಿ ಹಾಗೆ ಬರಲಿಲ್ಲ. ಬ್ರಿಟನ್ ಕಡೆಯ ಗ್ರೇಹೌಂಡ್, ವಿಪೆಟ್‌ಗಳು ಒಂದು ಗುಂಪಿಗೆ ಹೋದವು. ಸಲೂಕಿ, ಅಫ್ಘಾನ್ ಹೌಂಡ್‌ಗಳು ಮೆಡಿಟರೇನಿಯನ್ ಕಡೆಯ ಇನ್ನೊಂದು ಗುಂಪಿಗೆ. ಒಂದೇ ತರಹದ ಕೆಲಸ ಕೊಟ್ಟರೆ ಬೇರೆ ಬೇರೆ ಕಡೆ, ಬೇರೆ ಬೇರೆ ರಕ್ತದಿಂದ ಒಂದೇ ತರಹದ ಮೈ ಮೂಡಿಬರುತ್ತದೆ. ಇದನ್ನು ಓದಿದ ಮೇಲೆ, ಮುಧೋಳ ನಾಯಿ ನೋಡಲು ಸಲೂಕಿಯ ಹಾಗಿದೆ, ಆದ್ದರಿಂದ ಸಲೂಕಿಯ ಮಗ ಎನ್ನುವ ವಾದದ ಬಲ ಅರ್ಧಕ್ಕರ್ಧ ಇಳಿಯುತ್ತದೆ.

ಆ ಮೈಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಧೋಳ ನಾಯಿ ಮೊದಲ ಸಲ ನೋಡಿದ ನಮ್ಮ ಕಡೆಯವರ ಬಾಯಲ್ಲಿ ಬರುವುದು ಒಂದೇ ಮಾತು, ‘ಇದಕ್ಕೆ ಅನ್ನ ಹಾಕುದಿಲ್ವಾ?’ ಪಕ್ಕೆಲುಬಿನ ಕೊನೆಯ ಮೂರು ಸಾಲು ಎಣಿಸಬಹುದು, ಸೊಂಟದ ಎರಡು ಎಲುಬು ಚರ್ಮದ ಕೆಳಗೆ ಎದ್ದು ನಿಂತಿರುತ್ತವೆ. ಅದು ಹಸಿವಲ್ಲ, ತಕ್ಕ ಸ್ಥಿತಿ. ಎದೆ ಮುಂಗಾಲಿನ ಮೊಣಕೈವರೆಗೆ ಇಳಿದಿರುತ್ತದೆ. ಹೃದಯಕ್ಕೆ, ಪುಪ್ಪಸಕ್ಕೆ ಬೇಕಾದ ಜಾಗ ಅದು. ಹೊಟ್ಟೆ ಒಳಕ್ಕೆ ಎಳೆದುಕೊಂಡಿರುತ್ತದೆ, ಏಕೆಂದರೆ ಪೂರ್ತಿ ಓಟದಲ್ಲಿ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬಂದು ಊರಬೇಕು. ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಒಮ್ಮೆ ಮೈ ಬಿಲ್ಲಿನಂತೆ ಮಡಚಿಕೊಂಡಾಗ, ಇನ್ನೊಮ್ಮೆ ಉದ್ದಕ್ಕೆ ಚಾಚಿಕೊಂಡಾಗ. ತಲೆ ಉದ್ದ, ಕಿರಿದು. ಕಣ್ಣು ಪಕ್ಕಕ್ಕೆ ಸರಿದಿರುವುದರಿಂದ ತಲೆ ತಿರುಗಿಸದೆ ಬದಿಯ ಚಲನೆಯೂ ಕಾಣುತ್ತದೆ. ಗಂಡು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎತ್ತರವಿರಬೇಕೆಂದು ಪ್ರದರ್ಶನದ ನಿಯಮ ಹೇಳುತ್ತದೆ. ಮುಟ್ಟಿದರೆ ಕೂದಲು ಎಷ್ಟು ಗಿಡ್ಡ, ಚರ್ಮ ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ. ಅಪರಿಚಿತರು ಮುಟ್ಟುವುದು ಅದಕ್ಕೆ ಇಷ್ಟವೂ ಇಲ್ಲ. ಕಚ್ಚುವುದಕ್ಕಿಂತ ಸರಿದು ನಿಲ್ಲುವುದೇ ಅದರ ಸ್ವಭಾವ.

ಈ ನಾಯಿಯನ್ನು ಆಷಾಢದಲ್ಲಿ ಹೊನ್ನಾವರಕ್ಕೆ ತಂದು ಬಿಡಿ ನೋಡೋಣ. ಬಾಗಲಕೋಟೆ ಕಡೆ ವರ್ಷಕ್ಕೆ 600 ಮಿ.ಮೀ. ದಾಟದ ಮಳೆ, ಇಲ್ಲಿ 3,000 ಮಿ.ಮೀ. ದಾಟುತ್ತದೆ. ಅಲ್ಲಿ ಘಟಪ್ರಭೆಯ ಬದಿಯ ಬಯಲು, ಕಣ್ಣು ಹಾಯಿಸಿದಷ್ಟು ದೂರ ನೆಲ. ಇಲ್ಲಿ ಒಂದು ಕಡೆ ಗದ್ದೆಯ ಹಾಳಿ, ಮುಂದೆ ತೋಟದ ಅಗಳ, ಅದರಾಚೆ ಬೇಣ, ಸೊಪ್ಪಿನಬೆಟ್ಟ, ಕಾಡು. ನೂರು ಮಾರು ನೇರವಾಗಿ ಓಡುವ ಜಾಗ ಸಿಕ್ಕರೆ ಅದು ಕಡಲತೀರ. ಕಣ್ಣು ನಂಬಿ ಓಡುವ ನಾಯಿಗೆ ಕಾಣುವುದೇ ಇಪ್ಪತ್ತು ಮಾರು ಎಂದಾದರೆ ಅದರ ವೇಗಕ್ಕೆ ಅರ್ಥವಿಲ್ಲ. ನಮ್ಮ ಬೆಟ್ಟದಲ್ಲಿ ಬೇಟೆಗೆ ಬೇಕಾದದ್ದು ಬೊಗಳುವ ನಾಯಿ. ಕಾಡಿನೊಳಗೆ ಹಂದಿ ಎಲ್ಲಿದೆ ಎಂದು ಸೊಪ್ಪಿನ ಮರೆಯಿಂದ ಕೂಗಿ ಹೇಳುವ, ಸ್ವಲ್ಪ ಗಿಡ್ಡ ಮೈಯ, ಮೂಗಿನ ನಾಯಿ. ಅಂಥವು ಇದ್ದವು, ಒಂದೊಂದು ಮನೆಯಲ್ಲಿ ಒಂದೊಂದು ಹೆಸರಾದವೂ ಇದ್ದವು. ಆದರೆ ಅವು ಮನೆಯ ನಾಯಿಗಳೇ, ರಾತ್ರಿ ಬಿಟ್ಟು ಸಾಕುವಂಥವು. ಕೂಡುವುದು ಯಾರ ಜೊತೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕರಾವಳಿಯ ನಾಯಿಯ ಕೆಲಸಗಳು ಹಲವು, ಯಾವುದೂ ಪೂರ್ಣಾವಧಿಯದ್ದಲ್ಲ. ಅಡಿಕೆ ತೋಟದಲ್ಲಿ ಮಂಗ ಓಡಿಸಬೇಕು, ಗದ್ದೆಗೆ ಬಂದ ಹಂದಿಗೆ ಬೊಗಳಬೇಕು, ಕೊಟ್ಟಿಗೆಯ ಹತ್ತಿರ ಮಲಗಬೇಕು, ಚಿರತೆ ಬಂದ ರಾತ್ರಿ ತನ್ನ ಪ್ರಾಣವನ್ನೂ ಕೊಡಬೇಕು. ಘಟ್ಟದ ಬುಡದ ಊರುಗಳಲ್ಲಿ ಚಿರತೆಗೆ ಸುಲಭದ ಊಟವೆಂದರೆ ಅಂಗಳದ ನಾಯಿಯೇ. ಕೆಂಪು, ಕಂದು, ಬಿಳಿ ಮಚ್ಚೆ, ನಿಂತ ಕಿವಿ, ಸುತ್ತಿದ ಬಾಲ – ಕಾಸರಕೋಡಿನ ಟೊಂಕದಲ್ಲಿ ಒಣಹಾಕಿದ ಬಲೆಯ ರಾಶಿಯ ಮೇಲೆ ಮಲಗಿರುವ ನಾಯಿಗಳನ್ನು ನೋಡಿದರೆ ಇವು ಯಾವ ಪ್ರಯತ್ನವೂ ಇಲ್ಲದೆ ಎಷ್ಟು ಒಂದೇ ತರಹ ಇವೆ ಎನಿಸುತ್ತದೆ. ಅಲ್ಲೇ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಆಲಿವ್ ರಿಡ್ಲಿ ಆಮೆಯ ಗೂಡಿನ ಸುತ್ತ ಅರಣ್ಯ ಇಲಾಖೆಯವರು, ಊರಿನ ಹುಡುಗರು ಬಲೆ ಕಟ್ಟಿ ಕಾಯಬೇಕಾದದ್ದು ಮುಖ್ಯವಾಗಿ ಈ ನಾಯಿಗಳಿಂದಲೇ. ಮರಳಿನ ಕೆಳಗೆ ಒಂದೂವರೆ ಅಡಿ ಆಳದಲ್ಲಿರುವ ಮೊಟ್ಟೆಯ ವಾಸನೆ ಅವುಗಳಿಗೆ ಸಿಗುತ್ತದೆ. ಮುಧೋಳ ನಾಯಿ ಆ ಮರಳಿನ ಮೇಲೆ ಗಾಳಿಯಂತೆ ಓಡಿ ಹೋದೀತು, ಮೊಟ್ಟೆ ತಿಳಿಯದೆ.

ಅಂದರೆ ಬಂದರು ನಮ್ಮದಾಗಿದ್ದರೂ ತಳಿ ಇಲ್ಲಿ ನಿಲ್ಲಲು ಕಾರಣವಿರಲಿಲ್ಲ. ರಕ್ತ ಕರಗದಂತೆ ತಡೆಯುವ ಆ ‘ಏನೋ ಒಂದು’ ಬಯಲಿನಲ್ಲಿತ್ತು: ಮೊಲ, ಜಿಂಕೆ, ಮತ್ತು ಬಂದೂಕಿಲ್ಲದ ಬೇಟೆಗಾರ. ನಾಯಿ ವೇಗವಾಗಿ ಓಡಿದರೆ ಸಂಜೆಗೆ ಮನೆಯಲ್ಲಿ ಬಾಡು, ಇಲ್ಲದಿದ್ದರೆ ಇಲ್ಲ. ಅಂಥ ಮನೆಯಲ್ಲಿ ನಿಧಾನದ ನಾಯಿಯ ಮರಿಯನ್ನು ಯಾರು ಸಾಕುತ್ತಾರೆ? ಬೇಡರು, ಕುರಿಗಾರರು, ಸಣ್ಣ ರೈತರು ಹೀಗೆ ತಲೆಮಾರುಗಟ್ಟಲೆ ಆರಿಸಿದ್ದೇ ಈ ತಳಿಯ ನಿಜವಾದ ವಂಶಾವಳಿ ಎಂದು ನನಗನಿಸುತ್ತದೆ. ಹಡಗಿನಲ್ಲಿ, ದಂಡಿನಲ್ಲಿ ಹೊರಗಿನ ರಕ್ತ ಒಂದಿಷ್ಟು ಸೇರಿರಬಹುದು. ಅದನ್ನು ಉಳಿಸಿದ್ದು, ತಿದ್ದಿದ್ದು ಬಡವರ ಅಡಿಗೆಮನೆ.

ಮತ್ತೆ ನಮ್ಮ ಕಡೆಗೆ ಒಂದು ಹೆಜ್ಜೆ. ಈ ನಾಯಿಗೆ ಕಾರವಾನ್ ಹೌಂಡ್ ಎಂಬ ಹೆಸರೂ ಇದೆ. ಭಾರತೀಯ ಕೆನೆಲ್ ಕ್ಲಬ್ ನೋಂದಾಯಿಸುವುದು ಆ ಹೆಸರಿನಲ್ಲೇ. ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ದಖ್ಖನಿನ ತುಂಬ ಸರಕು ಹೊತ್ತು ತಿರುಗಿದ ತಂಡಗಳ ಜೊತೆ ನಾಯಿಯೂ ತಿರುಗಿತು ಎಂಬುದು ಮೊದಲ ಹೆಸರಿನ ಹಿಂದಿನ ತರ್ಕ. ಲಮಾಣಿಗಳ ಎತ್ತಿನ ಹೇರುಗಳು ಘಟ್ಟದ ಮೇಲಿಂದ ಧಾನ್ಯ ತಂದು ಕರಾವಳಿಯ ಉಪ್ಪು ಒಯ್ಯುತ್ತಿದ್ದವು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರಗಳು ಇವತ್ತಿಗೂ ಕುಮಟಾ ತಾಲ್ಲೂಕಿನಲ್ಲಿವೆ. ರಾತ್ರಿ ಬೀಡುಬಿಟ್ಟಲ್ಲಿ ಎತ್ತು, ಸರಕು ಕಾಯಲು ನಾಯಿ ಬೇಕೇ ಬೇಕು. ಆದರೆ ಕಾವಲಿನ ನಾಯಿ ದಪ್ಪ ಕತ್ತಿನದ್ದಾಗಿರುತ್ತದೆ, ಓಟದ ನಾಯಿಯಾಗಿರುವುದಿಲ್ಲ. ಅದಕ್ಕೇ ಹೆಸರನ್ನು ನಂಬಿ ಹುಟ್ಟೂರು ನಿರ್ಧರಿಸುವುದು ನನಗೆ ಒಪ್ಪಿಗೆಯಿಲ್ಲ. ಕುಮಟಾ ಹತ್ತಿ ಎಂದು ಬ್ರಿಟಿಷರ ಕಾಲದಲ್ಲಿ ಮಾರುಕಟ್ಟೆಯಲ್ಲಿ ಹೆಸರಾದ ಹತ್ತಿಯ ಒಂದು ಗಿಡವೂ ಕುಮಟಾದಲ್ಲಿ ಬೆಳೆದದ್ದಲ್ಲ. ಧಾರವಾಡದ ಕಪ್ಪು ನೆಲದಲ್ಲಿ ಬೆಳೆದು ಕುಮಟಾ ಬಂದರಿನಿಂದ ಹಡಗು ಹತ್ತಿದ್ದಕ್ಕೆ ಆ ಹೆಸರು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಆ ಬಂದರಿಗೆ ಬಂದ ಭಾಗ್ಯವೂ ಮೇಲಿನ ಸೀಮೆಯದ್ದೇ.

ಮುಧೋಳ ಎಂಬ ಹೆಸರು ಅಂಟಿದ್ದಕ್ಕೆ ಕಾರಣ ಅಲ್ಲಿನ ಘೋರ್ಪಡೆ ಸಂಸ್ಥಾನ. ಕವಿ ರನ್ನನ ಊರು ನಾಯಿಯ ಊರಾದದ್ದು 20ನೇ ಶತಮಾನದಲ್ಲಿ. 1900ರಲ್ಲಿ ಪಟ್ಟಕ್ಕೆ ಬಂದು 1937ರವರೆಗೆ ಆಳಿದ ಮಾಲೋಜಿರಾವ್ ಘೋರ್ಪಡೆ ತಮ್ಮ ಸೀಮೆಯ ಬೇಟೆಗಾರ ಜನರ ಬಳಿಯಿದ್ದ ಈ ನಾಯಿಗಳನ್ನು ನೋಡಿ, ಒಳ್ಳೆಯವನ್ನು ತರಿಸಿ, ಅರಮನೆಯಲ್ಲಿ ಸಾಕಿಸಿ, ಆರಿಸಿ ಕೂಡಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಕೊಟ್ಟರು, ಆತ ಇವನ್ನು ಮುಧೋಳದ ಹೌಂಡ್‌ಗಳು ಎಂದು ಕರೆದ ಎನ್ನುವ ಕಥೆ ಎಲ್ಲ ಕಡೆ ಬರುತ್ತದೆ. ಕೆಲವರು ಇದಕ್ಕೆ 1937 ಎಂದು ಇಸವಿಯನ್ನೂ ಹಾಕುತ್ತಾರೆ. ಐದನೆಯ ಜಾರ್ಜ್ 1936ರ ಜನವರಿಯಲ್ಲೇ ತೀರಿಕೊಂಡಿದ್ದ. ಕಾಣಿಕೆಯ ಮಾತು ನಿಜವಿದ್ದರೆ ಅದು ಹಿಂದಿನ ಯಾವುದೋ ವರ್ಷದ್ದಾಗಬೇಕು. ಒಬ್ಬ ಬರೆದದ್ದನ್ನು ಇನ್ನೊಬ್ಬ ನಕಲು ಮಾಡಿದ ಗುರುತು ಇದು, ಈ ತಳಿಯ ಸಾಹಿತ್ಯದ ತುಂಬ ಇಂಥವು ಸಿಗುತ್ತವೆ. ಶಿವಾಜಿಯ ಸೈನ್ಯದಲ್ಲಿ ಈ ನಾಯಿಗಳಿದ್ದವು ಎನ್ನುವ ಕಥೆಯನ್ನೂ ನಾನು ಇದೇ ಗಂಟಿನಲ್ಲಿ ಕಟ್ಟಿ ಇಡುತ್ತೇನೆ.

ಮಾಲೋಜಿರಾವ್ ಮಾಡಿದ್ದನ್ನು ಕಡಿಮೆ ಎಣಿಸಬೇಕಿಲ್ಲ. ಅಲ್ಲಿಯವರೆಗೆ ಇದ್ದದ್ದು ಒಂದು ಬಗೆಯ ನಾಯಿ. ಅರಮನೆಯ ಗೋಡೆಯೊಳಗೆ ಬಂದ ಮೇಲೆ ಅದು ತಳಿ. ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ತಂದೆ ಯಾರು, ತಾಯಿ ಯಾರು ಎಂದು ಪುಸ್ತಕದಲ್ಲಿ ಬರೆದು, ಪುಸ್ತಕದಲ್ಲಿ ಇಲ್ಲದ್ದರ ಜೊತೆ ಕೂಡದಂತೆ ಬಾಗಿಲು ಹಾಕುವುದು ಆ ಕಾಲದ ಯೋಚನೆ. ಬೇಟೆಗಾರನಿಗೆ ಈ ಬಾಗಿಲಿನ ಹಂಗಿರಲಿಲ್ಲ, ಚೆನ್ನಾಗಿ ಓಡುವ ಗಂಡು ಯಾರದ್ದಾದರೂ ಆದೀತು. ಮುಧೋಳದಲ್ಲಿ ಈ ಎರಡು ರೀತಿಯೂ ಒಟ್ಟಿಗೆ ನಡೆದವು, ಈಗಲೂ ಸ್ವಲ್ಪ ಮಟ್ಟಿಗೆ ಹಾಗೇ ನಡೆಯುತ್ತಿದೆ.

ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಅರಮನೆಯ ನಾಯಿಮನೆ ಚದುರಿತು. 1963ರಲ್ಲಿ ಡಬ್ಲ್ಯೂ.ವಿ. ಸೋಮನ್ ಭಾರತದ ನಾಯಿಗಳ ಬಗ್ಗೆ ಪುಸ್ತಕ ಬರೆಯುವ ಹೊತ್ತಿಗೆ ಪೇಟೆಯವರ ಕಣ್ಣು ಆಲ್ಸೇಷಿಯನ್, ಪೊಮೆರೇನಿಯನ್ ಕಡೆ ತಿರುಗಿತ್ತು. 1972ರ ವನ್ಯಜೀವಿ ಕಾಯ್ದೆ ಬೇಟೆ ನಿಲ್ಲಿಸಿತು. ಅದು ನಿಲ್ಲಬೇಕಾದದ್ದೇ, ಆದರೆ ಅದರೊಂದಿಗೆ ಈ ನಾಯಿಯ ಕಾನೂನುಬದ್ಧ ಕೆಲಸವೂ ನಿಂತಿತು. ಅದಕ್ಕಿಂತ ದೊಡ್ಡ ಬದಲಾವಣೆ ನೆಲದ್ದು. ಕಾಲುವೆ ನೀರು ಬಂದು ಮುಧೋಳ ತಾಲ್ಲೂಕು ಈಗ ಕಬ್ಬಿನ ಸೀಮೆ, ಸಕ್ಕರೆ ಕಾರ್ಖಾನೆಗಳ ಸೀಮೆ. ಆಳೆತ್ತರದ ಕಬ್ಬಿನೊಳಗೆ ಕಣ್ಣಿನ ನಾಯಿಗೆ ಕಾಣುವುದು ನಮ್ಮ ಬೆಟ್ಟದಲ್ಲಿ ಕಂಡಷ್ಟೇ. ತಳಿಯ ತವರೇ ತಳಿಗೆ ಒಗ್ಗದ ನೆಲವಾಗುತ್ತಿದೆ ಎನ್ನುವ ಮಾತನ್ನು ಶ್ವಾನಪ್ರಿಯರು ಏಕೋ ಎತ್ತುವುದಿಲ್ಲ.

ಉಳಿಸುವ ಕೆಲಸ ಸರ್ಕಾರದ ಕೈಗೆ ಬಂದದ್ದು ಸುಮಾರು ಒಂದೂವರೆ ದಶಕದ ಹಿಂದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಶುರುವಾಯಿತು. ಅದಕ್ಕೂ ಮೊದಲು, 2005ರ ಜನವರಿಯಲ್ಲಿ, ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ದೇಶದಲ್ಲಿ ಮೊದಲು ನೋಂದಾಯಿಸಿದ ಮೂರು ನಾಯಿ ತಳಿಗಳೂ ದಕ್ಷಿಣದವು: ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ, ನಮ್ಮ ಮುಧೋಳ. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ವಾಯುಪಡೆ ಆಗ್ರಾದ ನೆಲೆಯಲ್ಲಿ ರನ್‌ವೇ ಮೇಲಿನ ಹಕ್ಕಿ ಓಡಿಸಲು ಒಯ್ದಿತು. ಈ ಮೈಗೆ ಅದಕ್ಕಿಂತ ಒಪ್ಪುವ ನೌಕರಿ ಇನ್ನೊಂದಿಲ್ಲ ಎನ್ನಬೇಕು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಆಕಾಶವಾಣಿಯ ಭಾಷಣದಲ್ಲಿ ಹೆಸರೆತ್ತಿದ ಮೇಲೆ ಮರಿಗೆ ಬೇಡಿಕೆ ಏರಿತು. 2022ರಲ್ಲಿ ಪ್ರಧಾನಿಯ ಭದ್ರತೆಯ ಎಸ್‌ಪಿಜಿಗೂ ಹೋಯಿತು. ಲಖನೌದಲ್ಲಿ ನಡೆದ 2024ರ ಅಖಿಲ ಭಾರತ ಪೊಲೀಸ್ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣು ವಿದೇಶಿ ತಳಿಗಳನ್ನು ಹಿಂದಿಕ್ಕಿ ಬಹುಮಾನ ಗೆದ್ದಿತು.

ರಿಯಾ ಗೆದ್ದದ್ದು ವಾಸನೆ ಹಿಡಿದು ಜಾಡು ಹುಡುಕುವ ಕೆಲಸದಲ್ಲಿ. ಕಣ್ಣಿನ ನಾಯಿ ಮೂಗಿನ ಪರೀಕ್ಷೆ ಪಾಸಾಯಿತು ಎಂದು ಹೆಮ್ಮೆ ಪಡೋಣ. ಆದರೆ ಇದೇ ಕೆಲಸಕ್ಕೆಂದು ಹತ್ತು ಹದಿನೈದು ತಲೆಮಾರು ಆರಿಸುತ್ತ ಹೋದರೆ ಏನಾಗುತ್ತದೆ? ತಾಳ್ಮೆಯ, ಹೇಳಿದ್ದು ಕೇಳುವ, ಅಪರಿಚಿತರನ್ನು ಸಹಿಸುವ ಮರಿಗಳು ಉಳಿಯುತ್ತವೆ. ಮೊಲ ಕಂಡೊಡನೆ ಎಲ್ಲ ಮರೆತು ಹಾರುವ ಮರಿ ಹಿಂದೆ ಬೀಳುತ್ತದೆ. ಇನ್ನೊಂದು ಕಡೆ ನಗರದಲ್ಲಿ ಅಂದಕ್ಕೆ ಕೊಳ್ಳುವವರು ಬಣ್ಣ, ಎತ್ತರ ನೋಡುತ್ತಾರೆ. ಕೆಲಸ ಬದಲಾದರೆ ತಳಿ ಬದಲಾಗುತ್ತದೆ, ಹೆಸರು ಮಾತ್ರ ಹಾಗೇ ಇರುತ್ತದೆ. ಪುಸ್ತಕದ ಬಾಗಿಲು ಎಷ್ಟೇ ಭದ್ರವಾಗಿ ಹಾಕಿದರೂ. ಬಾಗಿಲು ತೀರಾ ಭದ್ರವಾದರೆ ಬೇರೆ ತೊಂದರೆ: ಒಳಗೊಳಗೇ ಕೂಡಿ ಮರಿಗಳ ಸಂಖ್ಯೆ ಇಳಿಯುತ್ತದೆ, ರೋಗ ಗಟ್ಟಿಯಾಗುತ್ತದೆ. ತಿಮ್ಮಾಪುರದ ಕೇಂದ್ರ ಹಳ್ಳಿಯ ರೈತರ ಮನೆಗಳಲ್ಲೇ ನಾಯಿ ಸಾಕಿಸಿ ಮರಿ ಮಾಡಿಸುವುದು ಈ ದೃಷ್ಟಿಯಿಂದ ಒಳ್ಳೆಯ ದಾರಿ. ಓಟ ನೋಡದೆ ಆರಿಸಿದರೆ ಮಾತ್ರ ಅದೂ ಅರ್ಧ ಕೆಲಸ.

ತಳಿಗೆ ಇನ್ನೊಂದು ದಾರಿಯೂ ಇದೆ ಎಂಬುದಕ್ಕೆ ನಮ್ಮ ಕೊಟ್ಟಿಗೆಯಲ್ಲೇ ಉದಾಹರಣೆ ಇದೆ. ಮಲೆನಾಡು ಗಿಡ್ಡವನ್ನು ಯಾವ ಅರಸನೂ ಅರಮನೆಯಲ್ಲಿ ಕಟ್ಟಿ ಸಾಕಲಿಲ್ಲ. ಮೂರಡಿ ಎತ್ತರದ ಆ ದನ ಬೆಳಿಗ್ಗೆ ಬಿಟ್ಟರೆ ಬೆಟ್ಟ ಮೇಯ್ದು ಸಂಜೆ ತಾನೇ ಬರುತ್ತಿತ್ತು. ಮಳೆ, ಉಣುಗು, ಕಡಿದಾದ ಬೆಟ್ಟದ ಕಳಪೆ ಹುಲ್ಲು ಅದನ್ನು ಆರಿಸಿದವು. ಅದೇ ಕರ್ನಾಲಿನ ಬ್ಯೂರೋ ಅದನ್ನೂ ಪ್ರತ್ಯೇಕ ತಳಿ ಎಂದು ದಾಖಲಿಸಿದೆ. ಅಳೆದು, ಎಣಿಸಿ, ರಕ್ತ ಪರೀಕ್ಷಿಸಿ ಬರೆದವರು ಇದ್ದದ್ದರಿಂದ ಅದು ತಳಿಯಾಯಿತು. ಹಾಗಿದ್ದರೆ ಅದೇ ಬೆಟ್ಟದ ಬುಡದ, ಅದೇ ಮಳೆಯ, ಅದೇ ಉಣುಗಿನ ನಡುವೆ ತಾನೇ ಉಳಿದುಕೊಂಡ ಕರಾವಳಿಯ ಊರುನಾಯಿ?

ಅದಕ್ಕೆ ಅಳತೆಪಟ್ಟಿ ಹಿಡಿದು ಬಂದವರಿಗಿಂತ ಬಲೆ ಹಿಡಿದು ಬರುವವರೇ ಹೆಚ್ಚು. 2001ರಲ್ಲಿ ಮೊದಲು ಬಂದು 2023ರಲ್ಲಿ ಹೊಸದಾಗಿ ಬರೆದ ನಿಯಮದ ಪ್ರಕಾರ ಬೀದಿನಾಯಿ ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದಲ್ಲೇ ಬಿಡಬೇಕು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಎರಡು ಆದೇಶ ಕೊಟ್ಟ ಮೇಲೆ ದೇಶವೆಲ್ಲ ಇದೇ ಮಾತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಮಗುವಿಗೆ ನಾಯಿ ಕಚ್ಚಿ ಲಸಿಕೆಗೆ ಓಡಾಡಿದವರ ಎದುರು ಊರುನಾಯಿಯ ಗುಣಗಾನ ಮಾಡುವ ಧೈರ್ಯ ನನಗಿಲ್ಲ, ಸಂತಾನಹರಣ ಬೇಡ ಎಂದೂ ನಾನು ಹೇಳುವುದಿಲ್ಲ. ಆದರೆ ಪೇಟೆಯ ನಾಯಿಯಲ್ಲಿ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಬೆರೆತಿದೆ. ಬೆರೆಯದ ಹಳೆಯ ನಾಯಿ ಉಳಿದಿದ್ದರೆ ಗೇರುಸೊಪ್ಪೆಯ ಒಳಗಿನ, ಹಾಡುವಳ್ಳಿಯ ಆಚೆಯ, ಅಘನಾಶಿನಿ ಕಣಿವೆಯ ಒಂಟಿಮನೆಗಳಲ್ಲಿ ಉಳಿದಿರಬೇಕು. ಪಶುವೈದ್ಯರು ಆರು ತಿಂಗಳಿಗೊಮ್ಮೆ ದನಕ್ಕೆ ಕಾಲುಬಾಯಿ ಲಸಿಕೆ ಹಾಕಲು ಆ ಮನೆಗಳಿಗೆ ಹೇಗೂ ಹೋಗುತ್ತಾರೆ. ಅಂಗಳದ ನಾಯಿಯ ಎತ್ತರ, ಬಣ್ಣ, ಕಿವಿ, ಬಾಲ ಬರೆದುಕೊಂಡು ಒಂದು ಹನಿ ರಕ್ತ ತರಲು ಹತ್ತು ನಿಮಿಷ ಸಾಕು. ನಾಯಿ ಕೈಗೆ ಸಿಕ್ಕರೆ.

ಇತ್ತೀಚೆಗೆ ಕುಮಟಾ, ಹೊನ್ನಾವರದ ಕಡೆ ಮುಧೋಳ ಮರಿ ತರುವವರು ಹೆಚ್ಚಾಗಿದ್ದಾರೆ, ಕೇಳುವವರು ಇನ್ನೂ ಹೆಚ್ಚು. ತೋಟಕ್ಕೆ ಮಂಗ ಓಡಿಸಲು ಎಂದರೆ ನಾನು ಬೇಡ ಎನ್ನುತ್ತೇನೆ: ಮಂಗ ಮರದ ಮೇಲೆ ಹೋದೊಡನೆ ಇದರ ಆಸಕ್ತಿ ಮುಗಿಯುತ್ತದೆ, ಅಗಳ ಹಾರುವಾಗ ಕಾಲು ಮುರಿಯುವ ಭಯ ಬೇರೆ. ಸರಪಳಿಯಲ್ಲಿ ಕಟ್ಟಿ ಗೇಟು ಕಾಯಿಸಲು ಎಂದರೆ ಇನ್ನೂ ಬೇಡ. ಮನೆ ತೀರದ ಹತ್ತಿರವಿದ್ದು, ಬೆಳಕು ಹರಿಯುವ ಮೊದಲು ಇಳಿತದ ಹೊತ್ತಿಗೆ ದಿನವೂ ಕರೆದುಕೊಂಡು ಹೋಗುವ ಹುಡುಗನೊಬ್ಬನಿದ್ದು, ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಹಗ್ಗ ಬಿಡದಿದ್ದರೆ ಸಾಕಬಹುದು. ಮಳೆಗಾಲದ ನಾಲ್ಕು ತಿಂಗಳು ಒಣ ಜಾಗ ಬೇಕು, ಉಣುಗು ದಿನಕ್ಕೊಮ್ಮೆ ಕೈಯಿಂದ ಹೆಕ್ಕಬೇಕು, ಇಲಿಜ್ವರದ ಲಸಿಕೆ ತಪ್ಪಿಸಬಾರದು, ರಾತ್ರಿ ಹೊರಗೆ ಬಿಡಲೇಬಾರದು. ತಿಮ್ಮಾಪುರದಿಂದ ಮರಿ ತರುವಾಗ ತಂದೆ-ತಾಯಿಯ ದಾಖಲೆ ಕೇಳಿ ಪಡೆಯಿರಿ, ಮತ್ತು ಸಾಧ್ಯವಾದರೆ ಅವು ಓಡುವುದನ್ನು ಒಮ್ಮೆ ನೋಡಿ ಬನ್ನಿ.